ಪ್ರಾಗ್‌ನಲ್ಲಿ ಯೂರೋ ಬದಲಾಯಿಸುವ ಮುಂಚೆ ದಯವಿಟ್ಟು ಇದನ್ನು ಓದಿ

ಬರೆಯೋದೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ನಾಚಿಕೆ, ಮತ್ತಿನ್ನೇನಲ್ಲ. ಪತ್ತಿನ ಸಹಕಾರ ಸಂಘವೊಂದರಲ್ಲಿ 26 ವರ್ಷ ಕ್ಯಾಷಿಯರ್ ಆಗಿದ್ದವನು ನಾನು. ಖೋಟಾ ನೋಟು, ಅಂಟಿಸಿದ ನೋಟು, ಕಟ್ಟಿನ ನಡುವೆ ಒಂದು ನೋಟು ಕಮ್ಮಿ ಇಟ್ಟು ನಗ್ತಾ ಕೊಡುವವರು, ಎಲ್ಲ ನೋಡಿದ್ದೇನೆ. ಅಂಥ ನನಗೆ ಗಾಜಿನ ಹಿಂದೆ ಕೂತ ಒಬ್ಬ ಹುಡುಗ ಎರಡೇ ನಿಮಿಷದಲ್ಲಿ ಟೋಪಿ ಹಾಕಿದ. ದಸರಾ ರಜೆಗೆ ನಮ್ಮ ಬೀದಿಯಿಂದಲೇ ಎರಡು ಮನೆಯವರು ಯುರೋಪ್ ಟೂರ್ ಹೊರಟಿದ್ದಾರೆ, ಅವರ ಪಟ್ಟಿಯಲ್ಲೂ ಚೆಕ್ ದೇಶದ ರಾಜಧಾನಿ ಪ್ರಾಗ್ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. 2024ರ ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವನ ಹತ್ತಿರ ಹೋಗಿದ್ದೆವು. ಅವನಿಗೆ ರಜೆ ಸಿಗಲಿಲ್ಲ. "ಬಸ್ಸಲ್ಲಿ ಐದು ಗಂಟೆ ಅಷ್ಟೇ, ಎರಡು ದಿನ ಪ್ರಾಗ್ ನೋಡ್ಕೊಂಡು ಬನ್ನಿ" ಅಂತ ಟಿಕೆಟ್ ಮಾಡಿಸಿ ಕಳಿಸಿದ. ಹೊರಡುವಾಗ ಒಂದೇ ಮಾತು ಹೇಳಿದ್ದ. "ಅಪ್ಪಾ, ಅಲ್ಲಿ ಯೂರೋ ಅಲ್ಲ, ಕೊರುನಾ. ಎಲ್ಲ ಕಡೆ ಕಾರ್ಡ್ ನಡೆಯುತ್ತೆ. ಕ್ಯಾಷ್ ಬದಲಾಯಿಸೋಕೆ ಹೋಗ್ಬೇಡಿ." ಹೂಂ ಅಂದೆ. ಆದರೆ ಜೇಬಲ್ಲಿ ನಾಲ್ಕು ಕಾಸು ಇಲ್ಲದೆ ಪರ ಊರಲ್ಲಿ ತಿರುಗುವುದು ನನಗೆ ಅಭ್ಯಾಸವಿಲ್ಲ. ಅವನು ಕೊಟ್ಟಿದ್ದ 50ರ ಆರು ನೋಟು, ಒಟ್ಟು 300 ಯೂರೋ, ಪ್ಯಾಂಟಿನ ಒಳಜೇಬಲ್ಲಿ ಇತ್ತು.

ಹಳೇ ಪಟ್ಟಣದ ಚೌಕ ತಲುಪಿದಾಗ ನಾಲ್ಕು ಗಂಟೆಗೆ ಐದು ನಿಮಿಷ ಬಾಕಿ. 1410ರ ಆ ಹೆಸರಾಂತ ಗಡಿಯಾರದ ಕೆಳಗೆ ಜಾತ್ರೆಯಂಥ ಜನ. ಗಂಟೆ ಹೊಡೆಯುವಾಗ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆಯುತ್ತೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಹಣದ ಚೀಲ ಹಿಡಿದ ಒಬ್ಬ ಜಿಪುಣನ ಗೊಂಬೆಯೂ ಇದೆ, ತಲೆ ಅಲ್ಲಾಡಿಸುತ್ತಾ ಇರುತ್ತಾನೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ.

ಗೊಂಬೆಯಾಟ ಮುಗಿಯುತ್ತಿದ್ದ ಹಾಗೆ ಇವಳು ತೋಳು ಜಗ್ಗಿದಳು. "ರೀ, ಅರ್ಜೆಂಟು." ಇವಳಿಗೆ ಶುಗರ್ ಇದೆ, ತಡೆಯೋಕಾಗಲ್ಲ. ಹುಡುಕಿದ ಶೌಚಾಲಯದ ಬಾಗಿಲಲ್ಲಿ ಕಾಯಿನ್ ಹಾಕುವ ಗೇಟು. ಕೊರುನಾ ಕಾಯಿನ್ ಇಲ್ಲ. ತಿರುಗಿ ನೋಡಿದರೆ ಎದುರಿಗೇ ಎಕ್ಸ್‌ಚೇಂಜ್ ಕೌಂಟರ್. ದೊಡ್ಡ ಹಳದಿ ಬೋರ್ಡು, ಅದರಲ್ಲಿ ಇನ್ನೂ ದೊಡ್ಡದಾಗಿ 0% ಕಮಿಷನ್. ಕೆಳಗೆ ಪುಟ್ಟ ಪುಟ್ಟ ಧ್ವಜ, ಪಕ್ಕದಲ್ಲಿ ಎರಡು ಕಾಲಂ ಅಂಕಿ. ಯೂರೋ ಎದುರಿಗೆ 25.20 ಅಂತ ಓದಿದೆ. ಮಗ 25ರ ಹತ್ತಿರ ಅಂದಿದ್ದ. ಸರಿ ಅಂದುಕೊಂಡೆ.

ಅದು ಅವರು ಯೂರೋ ಮಾರುವ ದರ. ನಮ್ಮಿಂದ ಕೊಳ್ಳುವ ದರ ಪಕ್ಕದ ಕಾಲಂನಲ್ಲಿತ್ತು. 17.00. ಕೊಳ್ಳುವ ದರ ಬೇರೆ, ಮಾರುವ ದರ ಬೇರೆ ಅಂತ ಯಾರಾದರೂ ನನಗೆ ಹೇಳಿಕೊಡಬೇಕಿತ್ತಾ? ನನಗೆ!

ಗಾಜಿನ ಕೆಳಗೆ ಆರು ನೋಟು ತಳ್ಳಿದೆ. ಹುಡುಗ ತಲೆ ಎತ್ತಲಿಲ್ಲ. ಟಕಟಕ ಅಂತ ಒತ್ತಿದ, ಚೀಟಿ ಬಂತು, "ಸೈನ್" ಅಂದ. ಹಾಕಿದೆ. ಎರಡು 2,000, ಒಂದು 1,000, ಒಂದು 100. ಒಟ್ಟು 5,100. ಇಲ್ಲೇ ನೋಡಿ ನನಗೆ ಈಗಲೂ ಹೊಟ್ಟೆ ಉರಿಯುವುದು. ನಾನು ನೋಟು ಎಣಿಸಿದೆ. ಎರಡು ಸಲ ಎಣಿಸಿದೆ. ಬೆಳಕಿಗೆ ಹಿಡಿದು ನೋಡಿದೆ. ಚೀಟಿಯಲ್ಲಿದ್ದ ಮೊತ್ತಕ್ಕೆ ತಾಳೆ ನೋಡಿದೆ, ಸರಿಯಾಗೇ ಇತ್ತು. ಕೌಂಟರ್‌ನ ಈ ಕಡೆ ನಿಂತು ಕ್ಯಾಷಿಯರ್ ಕೆಲಸ ಅಚ್ಚುಕಟ್ಟಾಗಿ ಮಾಡಿದೆ. 300 ಸಲ 25 ಅಂದರೆ 7,500 ಅನ್ನೋದೊಂದು ತಲೆಗೆ ಬರಲಿಲ್ಲ. ಪಕ್ಕದಲ್ಲಿ ಇವಳು ಕಾಲು ಬದಲಿಸುತ್ತಾ ನಿಂತಿದ್ದಾಳೆ, ಕೈಯಲ್ಲಿ ಗುರುತಿಲ್ಲದ ದೇಶದ ನೋಟು. ಇದು ಸಬೂಬು ಅಂತ ಗೊತ್ತು.

ಇಷ್ಟೆಲ್ಲ ಮಾಡಿದರೂ ಒಂದೇ ಒಂದು ಕಾಯಿನ್ ಸಿಕ್ಕಿರಲಿಲ್ಲ! 100ರ ನೋಟು ಕೊಟ್ಟು ನೀರಿನ ಬಾಟಲಿ ಕೊಂಡು, ಚಿಲ್ಲರೆ ಮಾಡಿಸಿ, ಆಮೇಲೆ ಇವಳು ಒಳಗೆ ಹೋದಳು.

ಅರ್ಧ ಗಂಟೆಯೂ ಆಗಿಲ್ಲ, ಪಕ್ಕದ ಗಲ್ಲಿಯಲ್ಲಿ ಇವಳೇ ನಿಂತುಬಿಟ್ಟಳು. "ರೀ, ಅಲ್ನೋಡಿ. ಇಲ್ಲಿ ಕೊಳ್ಳೋದಕ್ಕೂ 24 ಚಿಲ್ಲರೆ ಅಂತಿದೆ. ನಮಗೆಷ್ಟು ಕೊಟ್ರು?" ಚಿಕ್ಕ ಅಂಗಡಿ, ಹಳದಿ ಬೋರ್ಡಿಲ್ಲ, ಏನಿಲ್ಲ. ಆಗ ಲೆಕ್ಕ ಹಾಕಿದೆ. 24.80ರಂತೆ 7,440 ಬರಬೇಕಿತ್ತು. 2,340 ಕೊರುನಾ ಕಮ್ಮಿ. ನಮ್ಮ ದುಡ್ಡಲ್ಲಿ ಸುಮಾರು ₹8,400. ಕಿವಿ ಬಿಸಿಯಾಯಿತು. ಇವಳ ಮುಖ ನೋಡೋಕಾಗಲಿಲ್ಲ.

ಓಡಿದೆ. ಅದೇ ಹುಡುಗ. ಚೀಟಿ, ದುಡ್ಡು ಎರಡೂ ಮುಂದಿಟ್ಟೆ. ಬಾಟಲಿಗೆ ಖರ್ಚಾದದ್ದನ್ನು ಹಿಡಿದುಕೊಳ್ಳಿ, ನನ್ನ ಯೂರೋ ವಾಪಸ್ ಕೊಡಿ ಅಂದೆ. ಅವನು ಚೀಟಿಯಲ್ಲಿ ನನ್ನ ಸಹಿಯ ಮೇಲೆ ಬೆರಳಿಟ್ಟ.

"ಯು ಸೈನ್."

ದರ ಸರಿಯಾಗಿ ಹೇಳಲಿಲ್ಲವಲ್ಲಪ್ಪ ಅಂದೆ.

"ಬೋರ್ಡ್ ಔಟ್‌ಸೈಡ್."

ವಾಪಸ್ ಮಾಡೋಕೆ ದಾರಿ ಇಲ್ಲವಾ?

"ನೋ. ಫಿನಿಶ್." ಮೆಲ್ಲಗೆ ತಲೆ ಅಲ್ಲಾಡಿಸಿದ, ಥೇಟ್ ಆ ಗಡಿಯಾರದ ಜಿಪುಣನ ಹಾಗೆ. ಹಿಂದೆ ನಿಂತಿದ್ದವರನ್ನು ಕೈ ಮಾಡಿ ಕರೆದ. ನಾನು ಕ್ಯೂನಿಂದ ಪಕ್ಕಕ್ಕೆ ಸರಿದೆ. ಜಗಳ ಮಾಡಲಿಲ್ಲ. ಸಹಿ ಹಾಕಿದ್ದೇನೆ, ತಪ್ಪು ನಂದೇ ಅಂದುಕೊಂಡೆ. ನಮ್ಮ ಸಂಘದಲ್ಲಿ ನಾನೂ ಎಷ್ಟೋ ಸಲ ಹೇಳಿದ್ದೇನಲ್ಲ, "ಸಹಿ ಆದ ಮೇಲೆ ಆಯ್ತು ಸ್ವಾಮಿ, ಕೌಂಟರ್ ಬಿಟ್ಟ ಮೇಲೆ ನಾವು ಜವಾಬ್ದಾರರಲ್ಲ" ಅಂತ.

ರಾತ್ರಿ ಒಂಬತ್ತೂವರೆಗೆ ಮಗನಿಗೆ ಫೋನಿನಲ್ಲಿ ಹೇಳಿದೆ. ಹೇಳುವ ಮನಸ್ಸಿರಲಿಲ್ಲ, ಇವಳು ಬಿಡಲಿಲ್ಲ. ಅವನು ಏನೋ ಹುಡುಕಿ ಕೇಳಿದ. "ಎಷ್ಟು ಗಂಟೆಗೆ ಬದಲಾಯಿಸಿದ್ರಿ?" ಚೀಟಿ ನೋಡಿ 4.10 ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಹೇಳಿದ. ಚೆಕ್ ದೇಶದಲ್ಲಿ 2019ರ ಏಪ್ರಿಲ್‌ನಿಂದ ಕಾನೂನೇ ಇದೆ. 1,000 ಯೂರೋ ಮೊತ್ತದವರೆಗೆ ಹೀಗೆ ಬದಲಾಯಿಸಿದ್ದನ್ನು ಮೂರು ಗಂಟೆಯೊಳಗೆ ರದ್ದು ಮಾಡಬಹುದು. ಕಾರಣ ಹೇಳಬೇಕಾಗಿಲ್ಲ. ಚೀಟಿ ಮತ್ತು ಅವರು ಕೊಟ್ಟ ದುಡ್ಡು ತೋರಿಸಿ ಕೇಳಿದರೆ ಕೊಡಲೇಬೇಕು.

ಅಂದರೆ ನಾನು ವಾಪಸ್ ಹೋದಾಗ ಇನ್ನೂ ಎರಡೂವರೆ ಗಂಟೆ ಬಾಕಿ ಇತ್ತು! ಅವನಿಗೆ ಗೊತ್ತಿತ್ತು. ಗೊತ್ತಿದ್ದೇ "ನೋ, ಫಿನಿಶ್" ಅಂದ. ಕೆಟ್ಟ ದರ ಕೊಟ್ಟದ್ದನ್ನಾದರೂ ವ್ಯಾಪಾರ ಅನ್ನಬಹುದು, ಬೋರ್ಡ್ ಓದದ್ದು ನನ್ನ ದಡ್ಡತನ. ಇದು ಮಾತ್ರ ಮುಖದ ಮೇಲೆ ಹೊಡೆದಂಥ ಸುಳ್ಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಒಂಬತ್ತಕ್ಕೇ ಹೋಗಿ ನಿಂತೆ. ಹುಡುಗ ಇಲ್ಲ, ಒಬ್ಬ ಹೆಂಗಸು. ಕಾನೂನಿನ ಮಾತೆತ್ತಿದ ಕೂಡಲೇ ಬಲು ಮರ್ಯಾದೆಯಿಂದ ಹೇಳಿದಳು. "ಯೆಸ್ ಸರ್. ತ್ರೀ ಅವರ್ಸ್. ಬಟ್ ದಿಸ್ ಈಸ್ ಯೆಸ್ಟರ್ಡೇ." ನಿನ್ನೆ ಅರ್ಧ ಗಂಟೆಯೊಳಗೇ ಬಂದಿದ್ದೆ, ನಿಮ್ಮವನೇ ಆಗಲ್ಲ ಅಂದ ಅಂದೆ. "ಮೈ ಕಲೀಗ್, ಸರ್. ಐ ವಾಸ್ ನಾಟ್ ಹಿಯರ್." ಅಷ್ಟು ಹೇಳಿ ನಗುತ್ತಾ "ಹ್ಯಾವ್ ಎ ನೈಸ್ ಡೇ" ಬೇರೆ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ತಿರುಗುವಾಗ ನೋಡಿದರೆ ಗಾಜಿನ ಮೂಲೆಯಲ್ಲಿ ಒಂದು ಹಾಳೆ ಅಂಟಿಸಿದ್ದಾರೆ, ಇಂಗ್ಲಿಷ್‌ನಲ್ಲೂ ಇದೆ, ಅದೇ ಮೂರು ಗಂಟೆ ವಿಷಯ. ಇರುವೆ ಸಾಲಿನಂಥ ಅಕ್ಷರ. 0% ಕಮಿಷನ್ ಅನ್ನೋದು ಮಾತ್ರ ಚೌಕದ ಆ ತುದಿಗೂ ಕಾಣುತ್ತೆ.

ಇಂಥ ಕೌಂಟರ್‌ಗಳ ಮೇಲೆ ಚೆಕ್ ನ್ಯಾಷನಲ್ ಬ್ಯಾಂಕಿಗೆ ದೂರು ಕೊಡಬಹುದು. ಮಗನ ಕೈಲಿ ಬರೆಸಿ ಕಳಿಸಿದ್ದೇನೆ. ದುಡ್ಡು ಬರುತ್ತೆ ಅನ್ನೋ ಆಸೆ ಇಲ್ಲ.

ನೀವು ಹೋಗುವವರಾದರೆ ಕ್ಯಾಷ್ ಬದಲಾಯಿಸಲೇಬೇಡಿ. ಆ ಕಾಯಿನ್ ಗೇಟಿನಂಥ ಕಡೆ ಬಿಟ್ಟರೆ ನಿಜವಾಗಿ ಬೇಕಾಗುವುದೇ ಇಲ್ಲ. ಟ್ರಾಮ್ ಒಳಗೇ ಕಾರ್ಡ್ ತೋರಿಸಿ ಟಿಕೆಟ್ ತೆಗೆಯಬಹುದು, 2024ರಲ್ಲಿ ನಾವು ಹೋದಾಗ ಅರ್ಧ ಗಂಟೆಯ ಟಿಕೆಟ್ಟಿಗೆ 30 ಕೊರುನಾ ಇತ್ತು, ನಾವೇ ತೆಗೆದೆವು. ಬದಲಾಯಿಸಲೇಬೇಕು ಅಂದರೆ ನೋಟು ಗಾಜಿನ ಕೆಳಗೆ ತಳ್ಳುವ ಮುಂಚೆ "300 ಯೂರೋಗೆ ಕೈಗೆ ಎಷ್ಟು ಕೊರುನಾ" ಅಂತ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಮೋಸ ಆಯ್ತು ಅನಿಸಿದರೆ ಮೂರು ಗಂಟೆ ಅನ್ನುವ ಮಾತು ಎತ್ತಿ, ಕ್ಯೂ ಬಿಟ್ಟು ಪಕ್ಕಕ್ಕೆ ಸರಿಯಬೇಡಿ. ನಾನು ಸರಿದೆ, ಅದೇ ತಪ್ಪು. ರಸ್ತೆಯಲ್ಲಿ ನಿಂತು "ಗುಡ್ ರೇಟ್" ಅನ್ನುವವರ ಹತ್ತಿರವಂತೂ ಸುಳಿಯಲೇಬೇಡಿ, ಕೊರುನಾ ಅಂತ ಹಂಗೇರಿಯ ಫೋರಿಂಟ್ ಕೈಗಿಡುತ್ತಾರೆ. ಎಟಿಎಂನಲ್ಲೂ ಹುಷಾರು. ರೂಪಾಯಿಯಲ್ಲೋ ಯೂರೋದಲ್ಲೋ ಲೆಕ್ಕ ತೋರಿಸಿ ಒಪ್ಪಿಗೆಯಾ ಅಂತ ಕೇಳುತ್ತೆ. ಬೇಡ ಅನ್ನುವುದನ್ನೇ ಒತ್ತಿ, ಕೊರುನಾ ಲೆಕ್ಕದಲ್ಲೇ ತೆಗೆಯಿರಿ. ಒಪ್ಪಿದರೆ ಅದೇ ಕಥೆ, ಗಾಜಿನ ಹಿಂದೆ ಹುಡುಗ ಇರಲ್ಲ ಅಷ್ಟೇ.

ಎರಡು ದಿನ ಎಲ್ಲ ಕಡೆ ಕಾರ್ಡ್ ನಡೆದು, ಕೊನೆಗೆ 2,000ದ ಒಂದು ನೋಟು ಹಾಗೇ ಉಳಿಯಿತು. ಮ್ಯೂನಿಕ್‌ಗೆ ಬಂದು ಮಗನ ಕೈಲಿಟ್ಟೆ. "ಇಲ್ಲೇ ಸ್ಟೇಷನ್ ಹತ್ತಿರ ಎಕ್ಸ್‌ಚೇಂಜ್ ಇದೆ, ಯೂರೋ ಮಾಡಿಸಿಬಿಡಲಾ ಅಪ್ಪಾ?" ಅಂದ. ಅಡುಗೆಮನೆಯಿಂದ ಇವಳು ನಕ್ಕದ್ದು ಕೇಳಿಸಿತು.

ಬೇಡ, ಹಾಗೇ ಇಟ್ಕೋ ಅಂದೆ.