ಸೆಕೆಂಡ್ ಹ್ಯಾಂಡ್ ರಿವಾಲ್ವರ್ ಕೊಳ್ಳುವವರೇ, ‘ಟ್ರಾನ್ಸ್‌ಫರ್ ಬಾರ್ ಹಾಕಿಸಿದೆ’ ಅನ್ನೋ ಮಾತನ್ನು ನಂಬಬೇಡಿ

ಅಮೆರಿಕದಲ್ಲಿದ್ದುಕೊಂಡು ಶೂಟಿಂಗ್ ರೇಂಜಿಗೆ ಹೋಗುವ ಅಭ್ಯಾಸ ಇರುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೂಗರ್ ಕಂಪನಿಯ ಹಳೇ ಸಿಂಗಲ್-ಸಿಕ್ಸ್ ರಿವಾಲ್ವರ್ ಹುಡುಕುತ್ತಿದ್ದೀರಾ? ‘ಟ್ರಾನ್ಸ್‌ಫರ್ ಬಾರ್ ಹಾಕಿಸಿದೆ, ಆರೂ ತೋಟಾ ತುಂಬಿ ಇಟ್ಟುಕೊಳ್ಳಬಹುದು’ ಅಂತ ಬರೆದ ಜಾಹೀರಾತು ಕಂಡಿತಾ? ಹಾಗಿದ್ದರೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ. ಅಂಥದ್ದೇ ಜಾಹೀರಾತು ನೋಡಿ ನಾನು ತರಿಸಿದ ರಿವಾಲ್ವರ್‌ನಲ್ಲಿ ಆ ಬಾರ್, ಅಂದರೆ ಕೈಜಾರಿ ಬಿದ್ದರೂ ಗುಂಡು ಹಾರದಂತೆ ನೋಡಿಕೊಳ್ಳುವ ಪಟ್ಟಿ, ಇರಲೇ ಇಲ್ಲ.

ಸಿಂಗಲ್-ಸಿಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು .22 ತೋಟಾ ಹಾಕುವ ಸಣ್ಣ ರಿವಾಲ್ವರ್. ನೋಡಲು ಕೌಬಾಯ್ ಕಾಲದ ಕೋಲ್ಟ್ ರಿವಾಲ್ವರ್ ಹಾಗೇ ಇರುತ್ತದೆ. ಪ್ರತಿ ಸಲವೂ ಹೆಬ್ಬೆರಳಿನಿಂದ ಹ್ಯಾಮರ್ (ಹಿಂಭಾಗದಲ್ಲಿರುವ, ಏಟು ಹೊಡೆಯುವ ತುಂಡು) ಹಿಂದಕ್ಕೆ ಎಳೆಯಬೇಕು, ಆಮೇಲೆ ಟ್ರಿಗರ್ ಒತ್ತಬೇಕು. ತೋಟಾ ಅಗ್ಗ, ಸದ್ದು ಕಮ್ಮಿ, ಒದೆಯುವುದು ಇಲ್ಲವೆನ್ನುವಷ್ಟು ಕಮ್ಮಿ. ಹೊಸದಾಗಿ ಕಲಿಯುವವರ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. 1953ರಲ್ಲಿ ಮಾರುಕಟ್ಟೆಗೆ ಬಂದಿದ್ದು, ಇವತ್ತಿಗೂ ಅದೇ ಹೆಸರಿನಲ್ಲಿ ತಯಾರಾಗುತ್ತಿದೆ.

ತೊಡಕಿರುವುದೂ ಅಲ್ಲೇ. ಹೆಸರು ಅದೇ ಇದ್ದರೂ 1973ರಲ್ಲಿ ಕಂಪನಿ ಒಳಗಿನ ಯಂತ್ರವನ್ನೇ ಬದಲಾಯಿಸಿತು. ಅದಕ್ಕೂ ಮುಂಚಿನದನ್ನು ಓಲ್ಡ್ ಮಾಡೆಲ್ ಅಂತಾರೆ, ಆಮೇಲಿನದನ್ನು ನ್ಯೂ ಮಾಡೆಲ್ ಅಂತಾರೆ. ಓಲ್ಡ್ ಮಾಡೆಲ್‌ನಲ್ಲಿ ಹ್ಯಾಮರ್ ಕೆಳಗಿಳಿದಿದ್ದಾಗ ಅದು ನೇರವಾಗಿ ಫೈರಿಂಗ್ ಪಿನ್ (ತೋಟಾಕ್ಕೆ ಬಡಿದು ಸಿಡಿಸುವ ಮೊಳೆ) ಮೇಲೆ ಕೂತಿರುತ್ತದೆ. ಪಿನ್ ತುದಿ ತೋಟಾದ ಅಂಚಿಗೆ ತಾಗಿರುತ್ತದೆ. .22 ತೋಟಾದಲ್ಲಿ ಸಿಡಿಯುವ ಮದ್ದು ಇರುವುದೇ ಆ ಅಂಚಿನಲ್ಲಿ. ರಿವಾಲ್ವರ್ ಕೈಜಾರಿ ಹ್ಯಾಮರ್ ಅಡಿಯಾಗಿ ನೆಲಕ್ಕೆ ಬಿತ್ತು ಅನ್ನಿ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಹ್ಯಾಮರ್ ಸ್ವಲ್ಪ ಹಿಂದಕ್ಕೆಳೆದು ನಿಲ್ಲಿಸುವ ಒಂದು ಕಚ್ಚು ಇದೆ, ನಿಜ. ಆದರೆ ಜೋರಾಗಿ ಏಟು ಬಿದ್ದರೆ ಆ ಕಚ್ಚು ಮುರಿಯಬಹುದು. ಅದಕ್ಕೇ ಹಳಬರು ಇಂಥ ರಿವಾಲ್ವರ್‌ಗೆ ಐದೇ ತೋಟಾ ತುಂಬಿ, ಹ್ಯಾಮರ್ ಎದುರಿನ ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಬಿಡುತ್ತಿದ್ದರು.

ಇದು ಪುಸ್ತಕದ ಬದನೆಕಾಯಿ ಅಲ್ಲ. 1876ರ ಜನವರಿಯಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ವಯಟ್ ಅರ್ಪ್‌ನಂಥ ಪಳಗಿದ ಪೊಲೀಸಿನವನಿಗೇ ಹೀಗಾಯಿತು. ಮದ್ಯದಂಗಡಿಯಲ್ಲಿ ಕೂತಿದ್ದಾಗ ರಿವಾಲ್ವರ್ ಒರೆಯಿಂದ ಜಾರಿ ಬಿತ್ತು, ಗುಂಡು ಹಾರಿತು, ಅವನ ಕೋಟನ್ನೇ ತೂರಿಕೊಂಡು ಹೋಯಿತು. ಊರಿನ ಪತ್ರಿಕೆಯಲ್ಲಿ ಸುದ್ದಿಯೂ ಬಂತು. ಅದಾಗಿ ಸುಮಾರು ನೂರು ವರ್ಷದ ತನಕ ಆ ಥರದ ಯಂತ್ರ ತಯಾರಾಗುತ್ತಲೇ ಇತ್ತು ಅನ್ನುವುದು ಬೇರೆ ಮಾತು.

ನ್ಯೂ ಮಾಡೆಲ್‌ನಲ್ಲಿ ಇದಕ್ಕೆ ಮದ್ದು ಹುಡುಕಿದ್ದಾರೆ. ಹ್ಯಾಮರ್ ಕೆಳಗಿಳಿದರೂ ಪಿನ್ನಿಗೆ ತಾಗುವುದಿಲ್ಲ, ಫ್ರೇಮಿಗೆ, ಅಂದರೆ ರಿವಾಲ್ವರಿನ ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ನಡುವೆ ಒಂದು ತೆಳು ಉಕ್ಕಿನ ಪಟ್ಟಿ ಇದೆ. ಟ್ರಿಗರ್ ಒತ್ತಿಹಿಡಿದಿದ್ದರೆ ಮಾತ್ರ ಅದು ಮೇಲೇರಿ ನಿಂತು ಹ್ಯಾಮರಿನ ಏಟನ್ನು ಪಿನ್ನಿಗೆ ದಾಟಿಸುತ್ತದೆ. ಇದೇ ಟ್ರಾನ್ಸ್‌ಫರ್ ಬಾರ್. ಟ್ರಿಗರ್ ಬಿಟ್ಟರೆ ಪಟ್ಟಿ ಕೆಳಗಿಳಿಯುತ್ತದೆ, ಏಟು ಪಿನ್ನಿನ ತನಕ ಬರುವುದೇ ಇಲ್ಲ.

1982ರಿಂದ ಕಂಪನಿ ಹಳೇ ರಿವಾಲ್ವರ್‌ಗಳಿಗೂ ಈ ಪಟ್ಟಿಯನ್ನು ಪುಕ್ಕಟೆಯಾಗಿ ಹಾಕಿಕೊಡುತ್ತಿದೆ. ಮೊದಲ ಮಾಲೀಕರೇ ಆಗಿರಬೇಕೆಂದಿಲ್ಲ. ಕಾರ್ಖಾನೆಗೆ ಕಳಿಸಿದರೆ ಹಾಕಿ, ಕಳಚಿದ ಹಳೇ ಬಿಡಿಭಾಗಗಳನ್ನೂ ಜೊತೆಗೆ ವಾಪಸ್ ಕಳಿಸುತ್ತಾರೆ. ಆದರೂ ತುಂಬಾ ಜನ ಮಾಡಿಸಿಲ್ಲ. ಟ್ರಿಗರ್ ಹಿತ ಕೆಡುತ್ತದೆ ಅನ್ನುವವರಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ದುಡ್ಡು. ಹಳೇ ಬಂದೂಕು ಕೂಡಿಡುವ ಹವ್ಯಾಸಿಗಳಿಗೆ ಕಾರ್ಖಾನೆಯಿಂದ ಹೊರಟ ಹಾಗೇ ಇರುವ ಪೀಸ್ ಬೇಕು. ಅದಕ್ಕೇ ಬೆಲೆ ಜಾಸ್ತಿ. ಹೀಗಾಗಿ ಮಾರುವವನು ಎದುರಿಗಿರುವವರ ಮುಖ ನೋಡಿ ಮಾತಾಡುತ್ತಾನೆ. ಹೊಡೆಯಲು ಕೊಳ್ಳುವವರಿಗೆ ‘ಸೇಫ್ಟಿ ಹಾಕಿಸಿದೆ’, ಕೂಡಿಡುವವರಿಗೆ ‘ಯಾರೂ ಮುಟ್ಟಿಲ್ಲ’.

ನನಗೆ ಸಿಕ್ಕವನು ಎರಡನ್ನೂ ಹೇಳಿದ.

ಅವನಿರುವುದು ಬೇರೆ ರಾಜ್ಯದಲ್ಲಿ. ಜಾಹೀರಾತಿನಲ್ಲಿ ಫೋಟೋಗಳೇನೋ ಬೇಕಾದಷ್ಟಿದ್ದವು. ಹಿಡಿಯ ಮರ, ಬ್ಯಾರೆಲ್ಲಿನ ಹೊಳಪು, ಹಳೇ ಡಬ್ಬಿ, ಎಲ್ಲವೂ ಚಂದ. ಹ್ಯಾಮರ್ ಹಿಂದಕ್ಕೆಳೆದ ಫೋಟೋ ಮಾತ್ರ ಒಂದೂ ಇಲ್ಲ. ಸೀರಿಯಲ್ ನಂಬರಿನ ಮೇಲೆ ಹೆಬ್ಬೆರಳು. ಬರೆದು ಕೇಳಿದೆ. ‘ಹೌದು, ಕಂಪನಿಯಿಂದಲೇ ಹಾಕಿಸಿದ್ದು, ಹಳೇ ಪಾರ್ಟ್ಸ್ ಕಳೆದುಹೋಗಿವೆ’ ಅಂತ ಉತ್ತರ ಬಂತು. ಜೊತೆಗೆ .22 ಮ್ಯಾಗ್ನಮ್ ತೋಟಾ ಹಾಕುವ ಎರಡನೇ ಸಿಲಿಂಡರ್ (ತೋಟಾ ತುಂಬುವ ತಿರುಗುವ ಉರುಳೆ) ಕೂಡ ಇದೆ, ಅದೂ ಈ ರಿವಾಲ್ವರ್ ಜೊತೆಗೇ ಬಂದಿದ್ದು ಅಂದ. ಐನೂರು ಡಾಲರಿನ ಆಸುಪಾಸಿಗೆ ಮಾತು ಮುಗಿಯಿತು. ಪೇಪ್ಯಾಲ್‌ನಂಥವರು ಬಂದೂಕಿನ ವ್ಯವಹಾರಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾಗಿ ಮನಿ ಆರ್ಡರ್. ಅದು ಒಮ್ಮೆ ಕೈಬಿಟ್ಟರೆ ತಡೆಹಿಡಿಯುವುದು ಕಷ್ಟ.

ಬೇರೆ ರಾಜ್ಯದವರಿಂದ ಹ್ಯಾಂಡ್‌ಗನ್ ಕೊಂಡರೆ ಅದು ನೇರ ಮನೆಗೆ ಬರುವ ಹಾಗಿಲ್ಲ. ನಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬರಬೇಕು. ಅಲ್ಲಿ 4473 ಅನ್ನುವ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೆ ಕೈಗೆ ಕೊಡುತ್ತಾರೆ. ಹೆಚ್ಚಿನವರು ಫಾರಂ ಮುಗಿಸಿಕೊಂಡೇ ಡಬ್ಬಿ ಬಿಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಸರು ವರ್ಗಾವಣೆ ಆಯಿತು ಅಂದರೆ ವಾಪಸ್ ಕಳಿಸುವ ಮಾತು ಅಲ್ಲಿಗೇ ಬಿತ್ತು ಅಂತಾರೆ ಎಷ್ಟೋ ಮಾರಾಟಗಾರರು. ನಾನು ಮೊದಲು ಡಬ್ಬಿ ತೆಗೆಸಿದೆ.

ಆ ಅಂಗಡಿಯಲ್ಲಿ ರಿಪೇರಿ ಮಾಡುವ ಒಬ್ಬರು ಹಿರಿಯರಿದ್ದಾರೆ. ಮೊದಲು ತೋಟಾ ತುಂಬುವ ಕಿಂಡಿಯ ಗೇಟ್ ತೆಗೆದು, ಆರೂ ಚೇಂಬರ್ ಖಾಲಿ ಇವೆಯಾ ಅಂತ ನೋಡಿ, ಬೆರಳು ಹಾಕಿ ಮತ್ತೊಮ್ಮೆ ನೋಡಿದರು. ಆಮೇಲೆ ಫ್ರೇಮಿನ ಪಕ್ಕ ತೋರಿಸಿದರು. ಅಲ್ಲಿ ಮೂರು ಸ್ಕ್ರೂ. ಹಳೇ ಮಾಡೆಲ್ ಅನ್ನುವುದು ಅಲ್ಲಿಗೇ ಖಾತ್ರಿ. ನ್ಯೂ ಮಾಡೆಲ್‌ನಲ್ಲಿ ಸ್ಕ್ರೂ ಬದಲು ಎರಡು ಪಿನ್ ಇರುತ್ತವೆ. ಹಳೇದು ಅಂತ ಮಾರುವವನೇ ಹೇಳಿದ್ದ, ಅದು ಸರಿ. ಈಗ ಹ್ಯಾಮರ್ ಪೂರ್ತಿ ಹಿಂದಕ್ಕೆಳೆದು, ಹಿಂದಿನಿಂದ ಆ ಸಂದಿಗೆ ಸಣ್ಣ ಟಾರ್ಚ್ ಬಿಟ್ಟು, ನೀವೇ ನೋಡಿ ಅಂದರು. ಪಟ್ಟಿ ಇದ್ದರೆ ಅಲ್ಲಿ ಪಿನ್ನಿನ ಹತ್ತಿರ ಉಕ್ಕಿನ ಬಿಳುಪು ಕಾಣಬೇಕಿತ್ತು. ನನಗೆ ಕಂಡದ್ದು ಪಿನ್ನಿನ ಗುಂಡಗಿನ ತಲೆ ಮಾತ್ರ. ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿ ಟ್ರಿಗರಿನಿಂದ ಬೆರಳು ತೆಗೆದರು. ಹ್ಯಾಮರ್ ಹೋಗಿ ಪಿನ್ನಿನ ಮೇಲೇ ಕೂತಿತು. ಸಿಲಿಂಡರ್ ತೆಗೆದು ನೋಡಿದರೆ ಪಿನ್ನಿನ ತುದಿ ಮುಂದಕ್ಕೆ ಚಾಚಿಕೊಂಡಿದೆ.

ಎರಡನೇ ಸಿಲಿಂಡರಿನ ಕಥೆಯೂ ಅಷ್ಟೇ. ಈ ಸಿಲಿಂಡರ್‌ಗಳನ್ನು ಆಯಾ ರಿವಾಲ್ವರ್‌ಗೆ ಕೂರಿಸಿ ಕೊಡುತ್ತಾರೆ. ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿಗಳನ್ನು ಅದರ ಮುಖದ ಮೇಲೆ ಗೀಚಿರುತ್ತಾರೆ. ಇದರ ಮೇಲಿದ್ದ ಅಂಕಿ ಬೇರೆ, ಫ್ರೇಮಿನ ಮೇಲಿದ್ದದ್ದು ಬೇರೆ. ಎಲ್ಲಿಂದಲೋ ತಂದು ಸೇರಿಸಿದ್ದು. ಕೂರುವುದೇನೋ ಕೂರುತ್ತಿತ್ತು. ಚೇಂಬರ್ ಬ್ಯಾರೆಲ್ಲಿಗೆ ನೇರ ಬರುತ್ತದಾ, ನಡುವಿನ ಸಂದಿ ಎಷ್ಟಿದೆ ಅನ್ನುವುದನ್ನು ಅಳೆದು ನೋಡದೆ ಅದರಲ್ಲಿ ಹೊಡೆಯಬಾರದು ಅಂದರು ಆ ಹಿರಿಯರು.

ಫಾರಂ ತುಂಬಲಿಲ್ಲ. ಅಲ್ಲೇ ನಿಂತು ಮಾರಿದವನಿಗೆ ಫೋಟೋ ಕಳಿಸಿದೆ. ಮೊದಲ ಉತ್ತರ, ‘ಹಿಂದಿನ ಮಾಲೀಕ ಹಾಗಂತ ಹೇಳಿದ್ದ.’ ಎರಡನೆಯದು, ‘ಮಾರಿದ್ದು ಇದ್ದ ಸ್ಥಿತಿಯಲ್ಲಿ.’ ಮೂರನೆಯದನ್ನು ಓದಿ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ‘ಪಟ್ಟಿ ಹಾಕಿಸದೆ ಇರುವುದಕ್ಕೇ ಬೆಲೆ ಜಾಸ್ತಿ, ನಿಮಗೆ ಲಾಭವೇ ಆಯ್ತಲ್ಲ!’ ಅಂದ. ಆರೂ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳಿ ಅಂತ ಬರೆದು ಕೊಟ್ಟ ಮನುಷ್ಯ ಇವನು. ಅವನ ಮಾತು ನಂಬಿ ಯಾರಾದರೂ ಕಾಡಿಗೆ ಹೋಗಿ ಬಂಡೆ ಮೇಲೆ ಬೀಳಿಸಿದ್ದರೆ ಲಾಭ ಯಾರಿಗೆ ಆಗುತ್ತಿತ್ತೋ.

ಅವನು ಬರವಣಿಗೆಯಲ್ಲಿ ಕೊಟ್ಟಿದ್ದ ಉತ್ತರ ನನ್ನ ಕೈಯಲ್ಲಿದ್ದದ್ದರಿಂದ ಕೊನೆಗೆ ದುಡ್ಡು ಬಂತು, ಪೂರ್ತಿ ಅಲ್ಲ. ಹೋಗಿಬರುವ ಕೊರಿಯರ್ ಖರ್ಚು, ಡೀಲರ್ ಫೀಸು, ಮೇಲೆ ಅವನು ಮುರಿದುಕೊಂಡದ್ದು, ಎಲ್ಲ ನನ್ನ ತಲೆ ಮೇಲೇ. ಫೋನಿನಲ್ಲಿ ಮಾತಾಡಿ ಮುಗಿಸಿದ್ದರೆ ಅಷ್ಟೂ ಬರುತ್ತಿರಲಿಲ್ಲ.

ಇದನ್ನು ಓದಿ ರೂಗರ್ ಕೊಳ್ಳಲೇಬಾರದು ಅಂದುಕೊಳ್ಳಬೇಡಿ. ಓಲ್ಡ್ ಮಾಡೆಲ್ ತನ್ನ ಕಾಲಕ್ಕೆ ತಕ್ಕ ಒಳ್ಳೇ ರಿವಾಲ್ವರ್. ಅದರ ಸ್ವಭಾವ ತಿಳಿದು ಐದೇ ತೋಟಾ ತುಂಬುವವರಿಗೆ ತೊಂದರೆ ಇಲ್ಲ. ಇಸವಿಯ ತಾಪತ್ರಯ ಬೇರೆ ಹ್ಯಾಂಡ್‌ಗನ್‌ಗಳಲ್ಲೂ ಇದೆ. ಎರಡನೇ ಮಹಾಯುದ್ಧದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತಯಾರಿಸಿದ ವಿಕ್ಟರಿ ರಿವಾಲ್ವರ್ ಇದೆಯಲ್ಲ, 1944ರಲ್ಲಿ ಅದು ಹಡಗಿನಲ್ಲಿ ಬಿದ್ದು ಗುಂಡು ಹಾರಿ ಒಬ್ಬ ನಾವಿಕ ಸತ್ತ. ಆಮೇಲೆ ಹ್ಯಾಮರ್ ತಡೆಯುವ ಹೊಸ ತುಂಡು ಸೇರಿಸಿದರು. ಸೀರಿಯಲ್ ನಂಬರಿನ ಮುಂದೆ ಬರೀ ‘ವಿ’ ಇದ್ದದ್ದು ‘ಎಸ್‌ವಿ’ ಆಯಿತು. ಒಂದು ಅಕ್ಷರದ ವ್ಯತ್ಯಾಸ, ಅಷ್ಟೇ! ಅವರದೇ ಕಾರ್ಖಾನೆಯಲ್ಲಿ 2002ರಿಂದ 2009ರ ತನಕ ತಯಾರಾದ ವಾಲ್ಥರ್ ಪಿಪಿಕೆ ಪಿಸ್ತೂಲುಗಳನ್ನು ವಾಪಸ್ ಕರೆಸಿಕೊಂಡರು. ಸುರಕ್ಷಿತವಾಗಿ ಹ್ಯಾಮರ್ ಇಳಿಸಲೆಂದೇ ಇರುವ ಲಿವರ್ ಒತ್ತಿದರೆ ಗುಂಡು ಹಾರುವ ಸಾಧ್ಯತೆ ಇತ್ತು. ಸಿಗ್ ಕಂಪನಿಯ ಪಿ320 ಪಿಸ್ತೂಲಿನ ವಿಷಯದಲ್ಲಿ 2017ರ ಆಗಸ್ಟ್ ಮುಖ್ಯ. ಕೆಲವು ಕೋನದಲ್ಲಿ ಬಿದ್ದರೆ ಹಾರಬಹುದು ಅಂತ ಗೊತ್ತಾಗಿ ಹಗುರ ಟ್ರಿಗರ್ ಮತ್ತಿತರ ಭಾಗ ಬದಲಾಯಿಸಿಕೊಡಲು ಶುರು ಮಾಡಿದರು. ‘ರೀಕಾಲ್’ ಅನ್ನಲಿಲ್ಲ, ‘ಅಪ್‌ಗ್ರೇಡ್’ ಅಂದರು. ಕಳಿಸಿದವರು ಕಳಿಸಿದರು, ಬಿಟ್ಟವರು ಬಿಟ್ಟರು. ಬಿಟ್ಟವರ ಪಿಸ್ತೂಲೂ ಇವತ್ತು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರಬಹುದು.

ಕಾರಿಗಾದರೆ ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ರೀಕಾಲ್ ಇದೆಯಾ ನೋಡಬಹುದು. ಬಂದೂಕಿಗೆ ಅದಿಲ್ಲ. ಆಟಿಕೆಯಿಂದ ಹಿಡಿದು ಮಗುವಿನ ತೊಟ್ಟಿಲ ತನಕ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಆಯೋಗಕ್ಕೆ ಬಂದೂಕಿನ ಮೇಲೆ ಅಧಿಕಾರವನ್ನೇ ಕೊಟ್ಟಿಲ್ಲ. 1972ರಲ್ಲಿ ಕಾನೂನು ಬರೆಯುವಾಗಲೇ ಹೊರಗಿಟ್ಟರು. ವಾಪಸ್ ಕರೆಸುವುದು, ಬಿಡುವುದು ಎಲ್ಲ ಕಂಪನಿಯ ಮರ್ಜಿ. ನಮ್ಮ ಮಲೆನಾಡಿನಲ್ಲಿ ತೋಟಾ ಕೋವಿ ಅಂದರೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ. ಅದರ ಯಾವ ಕುದುರೆ ಸಡಿಲ ಅನ್ನುವುದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಒಂದು ಪಿಸ್ತೂಲು ಎಷ್ಟು ಕೈ ದಾಟಿ ಬಂದಿದೆಯೋ ಹೇಳುವವರಿಲ್ಲ.

ಹಾಗಾಗಿ ಮಾತುಕತೆಗೆ ಮುಂಚೆಯೇ ಪೂರ್ತಿ ಸೀರಿಯಲ್ ನಂಬರ್ ಕೇಳಿ. ರೂಗರ್ ತನ್ನ ವೆಬ್‌ಸೈಟಿನಲ್ಲೇ ಯಾವ ನಂಬರ್ ಯಾವ ವರ್ಷದ್ದು ಅಂತ ಕೊಟ್ಟಿದೆ. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ. ನಂಬರ್ ಸಿಕ್ಕರೆ ಕಂಪನಿಗೇ ಫೋನ್ ಮಾಡಿ, ಇದು ಬದಲಾವಣೆಗೆ ಬಂದಿತ್ತಾ ಅಂತ ವಿಚಾರಿಸಿ. ಹ್ಯಾಮರ್ ಎಳೆದ ಫೋಟೋ, ಫ್ರೇಮಿನ ಎರಡೂ ಬದಿಯ ಫೋಟೋ, ಸಿಲಿಂಡರಿನ ಮುಖದ ಫೋಟೋ ಬೇಕೇ ಬೇಕು ಅನ್ನಿ. ಮಾರುವವರು ಏನು ಹೇಳಿದರೂ ಅದು ಬರವಣಿಗೆಯಲ್ಲಿರಲಿ. ವರ್ಗಾವಣೆಗೆ ಮುಂಚೆ ನೋಡಿ ವಾಪಸ್ ಕಳಿಸುವ ಹಕ್ಕಿದೆಯಾ, ಖರ್ಚು ಯಾರದು ಅನ್ನುವುದೂ ಮೊದಲೇ ತೀರ್ಮಾನವಾಗಲಿ.

ಎಚ್-1ಬಿ ವೀಸಾದಲ್ಲಿ ಇರುವವರು ಇದಕ್ಕೆಲ್ಲ ಕೈ ಹಾಕುವ ಮುಂಚೆ ಕಾನೂನು ತಿಳಿದುಕೊಳ್ಳಿ. ಗ್ರೀನ್ ಕಾರ್ಡ್ ಇದ್ದರೆ ಬೇರೆ ಮಾತು. ಆ ಥರದ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ. ಅದು ನಿಮಗೆ ಅನ್ವಯಿಸುತ್ತದಾ ಅಂತ ವಕೀಲರನ್ನು ಕೇಳಿ, ರೇಂಜಿನ ಗೆಳೆಯರನ್ನಲ್ಲ. 4473ರಲ್ಲಿ ಸುಳ್ಳು ಬರೆದರೆ ಅದು ಇನ್ನೊಂದು ಅಪರಾಧ.

ಮೊನ್ನೆ ನೋಡಿದರೆ ಅದೇ ರಿವಾಲ್ವರ್ ಮತ್ತೆ ಮಾರಾಟಕ್ಕೆ ಬಂದಿದೆ. ಅವೇ ಫೋಟೋಗಳು, ಸೀರಿಯಲ್ ನಂಬರಿನ ಮೇಲೆ ಅದೇ ಹೆಬ್ಬೆರಳು. ಈ ಸಲ ಟ್ರಾನ್ಸ್‌ಫರ್ ಬಾರ್ ಸುದ್ದಿ ತೆಗೆದು, ‘ಒರಿಜಿನಲ್, ಯಾರೂ ಮುಟ್ಟಿಲ್ಲ’ ಅಂತ ಹಾಕಿ ಬೆಲೆ ಏರಿಸಿದ್ದಾನೆ. ಎರಡನೇ ಸಿಲಿಂಡರ್ ಮಾತ್ರ ಈಗಲೂ ‘ಇದರ ಜೊತೆಗೇ ಬಂದಿದ್ದು’. ಕೊಳ್ಳುವ ಮನಸ್ಸಿದ್ದವರು ಅದರ ಮುಖದ ಮೇಲಿನ ಮೂರು ಅಂಕಿಯ ಫೋಟೋ ಕೇಳಿ ನೋಡಿ.