ಡೀಸೆಲ್ ಕಲೆಗೆ ಆಸಿಡ್ ಜೆಲ್: ಎರಡು ವರ್ಷ ಬಳಸಿದ ಮೇಲೆ

ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ "ಬೋಟಿನ ಎಲ್ಲ ಕಲೆಗೂ" ಅಂತ ಬರೆದಿತ್ತು. ನಂಬಿದೆ. ಎರಡು ವರ್ಷದಲ್ಲಿ ಎರಡೂವರೆ ಬಾಟಲಿ ಖಾಲಿ ಮಾಡಿದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಕಂಪನಿ ಹೆಸರು ಬೇಡ ಬಿಡಿ, ಅರ್ಧ ತಪ್ಪು ನನ್ನದೇ.

ನನ್ನ ಬೋಟಿನ ಮೈಗೆ ಬಿಳಿ ಪೇಂಟ್. ಡೀಸೆಲ್ ಟ್ಯಾಂಕಿನ ಗಾಳಿ ಹೊರಗೆ ಹೋಗುವ ವೆಂಟ್ ಬಲಗಡೆ ಇದೆ, ಡೆಕ್‌ನಿಂದ ಒಂದು ಗೇಣು ಕೆಳಗೆ. ಟ್ಯಾಂಕ್ ತುಂಬುತ್ತಾ ಬಂದಾಗ ಒಳಗೆ ಗುಳುಗುಳು ಸದ್ದಾಗುತ್ತದೆ, ಮರುಕ್ಷಣ ನೊರೆ ಸಮೇತ ಡೀಸೆಲ್ ವೆಂಟ್‌ನಿಂದ ಉಕ್ಕುತ್ತದೆ. ಆಗಲೇ ಒರೆಸಿದರೆ ಏನೂ ಆಗುವುದಿಲ್ಲ. ನಾನು ಒರೆಸುತ್ತಿದ್ದದ್ದು ಕಣ್ಣಿಗೆ ಬಿದ್ದಾಗ ಮಾತ್ರ. ಡೀಸೆಲ್ ಪೆಟ್ರೋಲಿನ ಹಾಗೆ ಬೇಗ ಆರಿಹೋಗುವುದಿಲ್ಲ. ಎಣ್ಣೆಯಾಗಿ ಕೂತು ಧೂಳು, ಮಸಿ ಎಲ್ಲ ಹಿಡಿದುಕೊಂಡು, ಬಿಸಿಲಿಗೆ ಅಂಟಾಗಿ ಗಟ್ಟಿಯಾಗುತ್ತದೆ. ಹೀಗೆ ವೆಂಟ್ ಕೆಳಗೆ ಟೀ ಬಣ್ಣದ ಮೂರು ಗೆರೆ ಇಳಿದಿದ್ದವು.

ಜೆಲ್ ಬಳಿದು, ಹದಿನೈದು ನಿಮಿಷ ಬಿಟ್ಟು, ನೀರು ಹಾಕಿದೆ. ವಾಟರ್‌ಲೈನ್, ಅಂದರೆ ಬೋಟಿನ ಮೈಗೆ ನೀರಿನ ಮಟ್ಟ ತಾಗುವ ಗೆರೆ, ಅದರ ಹತ್ತಿರ ಮೀಸೆ ಥರ ಇದ್ದ ಕಂದು ಕೊಳೆ ಮಾಯ. ಸ್ಕ್ರೂಗಳ ಕೆಳಗಿನ ತುಕ್ಕಿನ ಗೆರೆಯೂ ಮಾಯ. ಡೀಸೆಲ್ ಗೆರೆ ಮಾತ್ರ ಹಾಗೇ ಇತ್ತು. ಸುತ್ತಲಿನ ಪೇಂಟ್ ಬೆಳ್ಳಗಾಗಿದ್ದರಿಂದ ಮೊದಲಿಗಿಂತ ಜಾಸ್ತಿ ಎದ್ದು ಕಾಣುತ್ತಿತ್ತು!

ಕಾರಣ ಸರಳ. ಇಂಥ ಜೆಲ್‌ಗಳಲ್ಲಿ ಕೆಲಸ ಮಾಡುವುದು ಸಾಮಾನ್ಯವಾಗಿ ಆಕ್ಸಾಲಿಕ್ ಆಸಿಡ್. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ, ಎಲೆ ಕೊಳೆತ ನೀರಿನ ಕಂದು ಬಣ್ಣವನ್ನೂ ತೆಗೆಯುತ್ತದೆ. ಡೀಸೆಲ್ ಕಲೆಯಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ನನ್ನ ಚಿಕಿತ್ಸೆ. ಇದು ಗೊತ್ತಾಗುವ ಮೊದಲು ಪಾತ್ರೆ ತಿಕ್ಕುವ ಹಸಿರು ನಾರು ಹಾಕಿ ಬೇರೆ ಉಜ್ಜಿದ್ದೆ. ಅಂಗೈ ಅಗಲ ಹೊಳಪು ಹೋಯಿತು. ಎರಡು ಭಾಗ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಪೇಂಟ್‌ನಲ್ಲಿ ಪಾಲಿಯೆಸ್ಟರ್ ಜಾತಿಯದ್ದಾದರೆ ಹೊಳಪೆಲ್ಲ ಮೇಲಿನ ತೆಳು ಪದರದಲ್ಲೇ ಇರುತ್ತದೆ. ಅದನ್ನು ಉಜ್ಜಿ ಕಳೆದರೆ ಪಾಲಿಶ್ ಮಾಡಿ ವಾಪಸ್ ತರಲು ಆಗುವುದಿಲ್ಲ. ಅಕ್ರಿಲಿಕ್ ಜಾತಿಯದ್ದಾದರೆ ಪರವಾಗಿಲ್ಲ, ಪಾಲಿಶ್ ಹಿಡಿಯುತ್ತದೆ. ನನ್ನದು ಮೊದಲನೆಯದು, ನನ್ನ ಗ್ರಹಚಾರ.

ಕಲೆ ಹೋಗಿದ್ದು ಟರ್ಪೆಂಟೈನಿನಿಂದ. ಬೋಟು ದಡದ ಮೇಲಿದ್ದಾಗ ಮೊದಲು ಪಾತ್ರೆ ತೊಳೆಯುವ ಸೋಪು, ಬಿಸಿನೀರು. ಸೋಪು ನೀರಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಎಣ್ಣೆ ಕಣ್ಣಿಗೆ ಕಾಣದಂತೆ ಚೂರಾಗಿ ನೀರೊಳಗೆ ಸೇರುತ್ತದೆ, ಮೀನಿಗೆ ಅದು ಇನ್ನೂ ಕೆಟ್ಟದ್ದು. ಆಮೇಲೆ ಎರಡು ಹಳೇ ಬನಿಯನ್ ಬಟ್ಟೆ. ಒಂದನ್ನು ಮಿನರಲ್ ಟರ್ಪೆಂಟೈನಿನಲ್ಲಿ ಒದ್ದೆ ಮಾಡಿ ಒರೆಸಬೇಕು, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಬೇಕು. ಒಂದೇ ಬಟ್ಟೆಯಾದರೆ ಎಣ್ಣೆ ಅಲ್ಲಿಂದಿಲ್ಲಿಗೆ ಹರಡುತ್ತದೆ ಅಷ್ಟೇ. ಒಣ ಬಟ್ಟೆ ಟೀ ಸೋಸಿದ ಬಟ್ಟೆ ಥರ ಆಯಿತು. ಎರಡು ಗೆರೆ ಪೂರ್ತಿ ಹೋದವು.

ಮೂರನೆಯದರ ಜಾಗದಲ್ಲಿ ಹಳದಿ ನೆರಳು ಉಳಿಯಿತು. ಅಲ್ಲಿ ಮಾತ್ರ ಯಾಕೆ? ಥಿನ್ನರ್ ತಾಗಿಸಿ ನೋಡಿದೆ. ಪೇಂಟ್ ಮೆತ್ತಗಾಗಿ ಬಟ್ಟೆಗೆ ಬಿಳಿ ಬಣ್ಣ ಬಂತು. ಎರಡು ಭಾಗದ ಪೇಂಟ್ ಹೀಗೆ ಮೆತ್ತಗಾಗಬಾರದು. ಆಗ ನೆನಪಾಯಿತು, ಹಿಂದೊಮ್ಮೆ ಒಂದು ಗೀರು ಮುಚ್ಚಲು ಅಲ್ಲಿ ಸಾದಾ ಇನಾಮೆಲ್ ಬಳಿದಿದ್ದೆ. ಡೀಸೆಲ್ ಅದರೊಳಗೇ ಇಳಿದಿತ್ತು. ಅದನ್ನು ಒರೆಸಿ ತೆಗೆಯುವುದು ಆಗದ ಮಾತು. ಕೆರೆದು ತೆಗೆದು ಮತ್ತೆ ಪೇಂಟ್ ಮಾಡಬೇಕು.

ಇಲ್ಲೂ ಅವಸರ ಮಾಡಿದೆ. ಜಿಡ್ಡು ತೆಗೆಯದೆ ಮರಳು ಕಾಗದ ಹಾಕಿದೆ. ಕಾಗದ ಎಣ್ಣೆಯನ್ನು ಗೀರುಗಳೊಳಗೆ ತಳ್ಳಿತು. ಹೊಸ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡನೆ ತೂತುಗಳಾದವು. ಎಲ್ಲ ಕೆರೆದು ಎರಡನೇ ಸಲ ಸರಿಯಾಗಿ ಮಾಡಿದೆ: ಮೊದಲು ಜಿಡ್ಡು, ಆಮೇಲೆ ಕಾಗದ. ನೀರು ಚಿಮುಕಿಸಿದಾಗ ಹನಿ ಕಟ್ಟದೆ ಹಾಳೆಯಂತೆ ಹರಡಿದರೆ ಮಾತ್ರ ಬ್ರಷ್ ಹಿಡಿಯಿರಿ.

ಜೆಲ್ ವಿಷಯಕ್ಕೆ ವಾಪಸ್ ಬರುತ್ತೇನೆ. ತುಕ್ಕಿಗೆ, ವಾಟರ್‌ಲೈನ್ ಕೊಳೆಗೆ ಇದಕ್ಕೆ ಐದು ಸ್ಟಾರ್, ಸಂಶಯವೇ ಇಲ್ಲ. ಆದರೆ ಬಳಸಿದ ಕಡೆ ವ್ಯಾಕ್ಸ್ ಕೂಡ ಹೋಗುತ್ತದೆ, ಮತ್ತೆ ಹಚ್ಚಬೇಕು. ಟ್ರೈಲರಿನ ಸತುವಿನ ಲೇಪಕ್ಕೂ ತಾಗಬಾರದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಇದು ವಿಷ.

ಈಗ ಟ್ಯಾಂಕ್ ತುಂಬುವಾಗ ವೆಂಟ್‌ಗೆ ಅಂಟಿಸುವ ಚಿಕ್ಕ ಬಾಟಲಿ ಇಟ್ಟಿದ್ದೇನೆ. ಧೂಳಿದ್ದರೆ ಅದರ ರಬ್ಬರ್ ಕಪ್ ಹಿಡಿಯಲ್ಲ, ಒರೆಸಿ ಅಂಟಿಸಬೇಕು. ಪೂರ್ತಿ ತುಂಬುವುದನ್ನೂ ಬಿಟ್ಟೆ. 200 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಸುಮಾರು 3 ಲೀಟರ್ ಹಿಗ್ಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಕತ್ತಿನವರೆಗೆ ತುಂಬಿಸಿದರೆ ಮಧ್ಯಾಹ್ನ ಅದು ಎಲ್ಲಿಗೆ ಹೋಗಬೇಕು, ಹೇಳಿ?

ಅರ್ಧ ಉಳಿದ ಜೆಲ್ ಬಾಟಲಿ ಮೇಲೆ ಮಾರ್ಕರ್‌ನಲ್ಲಿ "ತುಕ್ಕಿಗೆ ಮಾತ್ರ" ಅಂತ ಬರೆದಿಟ್ಟಿದ್ದೆ. ಮೊನ್ನೆ ಟರ್ಪೆಂಟೈನ್ ಕೈ ತಾಗಿ ಅದೂ ಅರ್ಧ ಅಳಿಸಿಹೋಗಿದೆ.