ಜಪಾನಿನ ಬಿಡಿ ಕ್ಯಾಸೆಟ್ಟೋ, ಅಮೆರಿಕದ ಬೂದು ಕ್ಯಾಸೆಟ್ಟೋ, ಮಾರ್ಕೆಟ್ಟಿನ ಹಳದಿಯೋ?

ಮೊದಲೇ ಹೇಳಿಬಿಡುತ್ತೇನೆ. ನಿಂಟೆಂಡೊದ 8-ಬಿಟ್ ಆಟಗಳನ್ನು ಕೂಡಿಡಬೇಕು, ಆಗಾಗ ಆಡಲೂ ಬೇಕು ಅನ್ನುವವರಿಗೆ ನನ್ನ ಮತ ಜಪಾನಿನ ಫ್ಯಾಮಿಕಾಮ್ (ನಿಂಟೆಂಡೊ ಅಲ್ಲಿ ಮಾರಿದ ಟಿವಿ ಗೇಮ್ ಯಂತ್ರ) ಕ್ಯಾಸೆಟ್ಟಿಗೆ, ಅದೂ ಡಬ್ಬಿ-ಪುಸ್ತಕ ಇಲ್ಲದ ಬಿಡಿ ಕ್ಯಾಸೆಟ್ಟಿಗೆ. ಅದೇ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ನ ಕ್ಯಾಸೆಟ್ ಅದರ ಹಿಂದೆ. ‘9999 ಇನ್ 1’ ಅಂತ ಮೈಮೇಲೆ ಬರೆದುಕೊಂಡ ಹಳದಿ ಕ್ಯಾಸೆಟ್ ಮಕ್ಕಳಿಗೆ ಸಾಕು, ಸಂಗ್ರಹದ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿರುವುದು ಬೆರಳೆಣಿಕೆಯ ಆಟ, ಮಿಕ್ಕದ್ದೆಲ್ಲ ಅವೇ ಆಟಗಳು ಬೇರೆ ಹೆಸರಿನಲ್ಲಿ.

ಕಾರಣ ಎಷ್ಟೋ ಮನೆಗಳ ಅಟ್ಟದ ಮೇಲೇ ಇದೆ. ತೊಂಬತ್ತರ ದಶಕದಲ್ಲಿ ಇಲ್ಲಿ ಮಾರಾಟವಾದ ಟಿವಿ ಗೇಮ್‌ಗಳಲ್ಲಿ ಹೆಚ್ಚಿನವು 1983ರ ಜುಲೈನಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್‌ನ ನಕಲುಗಳು. ಕ್ಯಾಸೆಟ್ ಕೂರುವ ಅವುಗಳ ಬಾಯಿ 60 ಪಿನ್ನಿನದು. ಟೋಕಿಯೊದ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಬಂದ ಅಸಲಿ ಕ್ಯಾಸೆಟ್ ಅದರಲ್ಲಿ ನೇರವಾಗಿ ಕೂರುತ್ತದೆ. ಎನ್‌ಇಎಸ್‌ನದು 72 ಪಿನ್. ಫ್ಯಾಮಿಕಾಮ್‌ನ 60ರಲ್ಲಿ ಧ್ವನಿಯ 2 ಪಿನ್ ಕಿತ್ತು, ಲಾಕ್ ಚಿಪ್ಪಿಗೆಂದು (ಕಂಪನಿ ಒಪ್ಪಿದ ಕ್ಯಾಸೆಟ್ ಮಾತ್ರ ಓಡುವಂತೆ ಕಾಯುವ ಚಿಪ್) 4, ಯಂತ್ರದ ತಳದ ಎಕ್ಸ್‌ಪಾನ್ಷನ್ ಪೋರ್ಟಿಗೆಂದು 10 ಸೇರಿಸಿದ್ದಾರೆ. ಅಮೆರಿಕದ ಕ್ಯಾಸೆಟ್ಟನ್ನು ನಮ್ಮ ಟಿವಿ ಗೇಮ್ ಡಬ್ಬದಲ್ಲಿ ಆಡಲು ಕನ್ವರ್ಟರ್ ಬೇಕು. ಫ್ಯಾಮಿಕಾಮ್ ಕಡೆ ಲಾಕ್ ಇಲ್ಲದ್ದರಿಂದ ಇದು ಬರೀ ಗೆರೆ ಎಳೆದ ಬೋರ್ಡ್, ಅಗ್ಗದ್ದೇ ಸಾಕು. ತಿರುಗಾ ಮುರುಗಾ ಆದರೆ, ಅಂದರೆ ಜಪಾನಿ ಕ್ಯಾಸೆಟ್ಟನ್ನು ಎನ್‌ಇಎಸ್‌ಗೆ ಹಾಕುವುದಾದರೆ, ಕನ್ವರ್ಟರ್‌ನಲ್ಲಿ ಲಾಕ್ ಚಿಪ್ ಇರಲೇಬೇಕು. ಇಲ್ಲದಿದ್ದರೆ ಯಂತ್ರದ ಕೆಂಪು ದೀಪ ಮಿಟುಕುತ್ತಾ ಕೂರುತ್ತದೆ, ಆಟ ಶುರುವಾಗುವುದಿಲ್ಲ. 1985ರ ಆರಂಭದ ಕೆಲವು ‘ಗೈರೊಮೈಟ್’ ಆಟದ ಕ್ಯಾಸೆಟ್ಟುಗಳೊಳಗೆ ನಿಂಟೆಂಡೊ ತಾನೇ ಇಂಥದೊಂದು ಕನ್ವರ್ಟರ್ ಇಟ್ಟು ಜಪಾನಿ ಬೋರ್ಡ್ ಸಿಕ್ಕಿಸಿತ್ತು. ಕೈಯಲ್ಲಿ ಹಿಡಿದರೆ ಅವು ಉಳಿದವಕ್ಕಿಂತ ಭಾರ.

ಧ್ವನಿಯ ಆ ಎರಡು ಪಿನ್ ಸಣ್ಣ ವಿಷಯವಲ್ಲ. ಕೊನಾಮಿಯ ‘ಅಕುಮಾಜೊ ಡೆನ್ಸೆತ್ಸು’ (1989) ತನ್ನ ವಿಆರ್‌ಸಿ6 ಚಿಪ್ಪಿನಿಂದ ಹೆಚ್ಚುವರಿ ಸ್ವರಗಳನ್ನು ಆ ದಾರಿಯಲ್ಲೇ ಕಳಿಸುತ್ತದೆ. ಅದೇ ಆಟ ಅಮೆರಿಕದಲ್ಲಿ ‘ಕ್ಯಾಸಲ್‌ವೇನಿಯ 3’ ಆದಾಗ ಆ ಸ್ವರಗಳು ಹೋದವು. ಆದರೆ ನಕಲಿ ಡಬ್ಬಗಳಲ್ಲಿ ಎಷ್ಟೋ ಕಡೆ ಆ ಪಿನ್ನುಗಳಿಗೆ ತಂತಿಯನ್ನೇ ಕೊಟ್ಟಿರುವುದಿಲ್ಲ. ಇನ್ನೊಂದು: ನಮ್ಮ ಪಾಲ್ (PAL) ಪದ್ಧತಿಯ ಟಿವಿಗೆಂದು ಮಾಡಿದ ಡಬ್ಬ ಜಪಾನಿನ 60ರ ಬದಲು 50 ಹರ್ಟ್ಸ್‌ನಲ್ಲಿ ಓಡುತ್ತದೆ, ಆಟ ಆರರಲ್ಲೊಂದು ಪಾಲು ನಿಧಾನ. ಇದು ಸಹಿಸಲಾಗದವರು ಎವಿ ತಂತಿಯಲ್ಲಿ ಟಿವಿಗೆ ಜೋಡಿಸುವ 1993ರ ಎವಿ ಫ್ಯಾಮಿಕಾಮ್ ನೋಡಬಹುದು. ಹಳೆಯ ಕೆಂಪು-ಬಿಳಿ ಮಾದರಿಯ ಆಂಟೆನಾ ಸಿಗ್ನಲ್ ನಮ್ಮ ಟಿವಿ ಹಿಡಿಯುವುದಿಲ್ಲ. ಇವುಗಳ ಜಪಾನಿ ಎಚ್‌ವಿಸಿ-002 ಅಡಾಪ್ಟರ್ 100 ವೋಲ್ಟಿನದು. ನಮ್ಮ 230ಕ್ಕೆ ಸಿಕ್ಕಿಸಿದಿರೋ, ಹೊಗೆ. ನಡುವೆ ನೆಗೆಟಿವ್ ಇರುವ 9 ವೋಲ್ಟ್, 1 ಆಂಪಿಯರ್ ಡಿಸಿ ಅಡಾಪ್ಟರ್ ಇಲ್ಲೇ ಕೊಳ್ಳಿ.

ಈಗ ಜಪಾನಿ ಕ್ಯಾಸೆಟ್ಟಿನ ನಿಜವಾದ ಕಿರಿಕಿರಿ: ಸೇವ್ ಬ್ಯಾಟರಿ.

‘ಡ್ರ್ಯಾಗನ್ ಕ್ವೆಸ್ಟ್ 3’ (1988), ‘ಫೈನಲ್ ಫ್ಯಾಂಟಸಿ’ (1987), ‘ಕಿರ್ಬಿ’ (1993) ತರಹದ ಆಟಗಳಲ್ಲಿ ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬುದು ಒಂದು ಸಣ್ಣ ರ‍್ಯಾಮ್ ಚಿಪ್ಪಿನಲ್ಲಿರುತ್ತದೆ. ಅದನ್ನು ಜೀವಂತ ಇಡುವುದು 3 ವೋಲ್ಟಿನ ಬಟನ್ ಸೆಲ್, ಸಾಮಾನ್ಯವಾಗಿ ಸಿಆರ್2032. ಸೆಲ್ ಸತ್ತರೂ ಆಟ ಓಡುತ್ತದೆ, ಸ್ವಿಚ್ ಆರಿಸಿದೊಡನೆ ಎಲ್ಲ ಮರೆತುಬಿಡುತ್ತದೆ. ಹಾಗಾಗಿ ಮಾರುವವರು ‘ಚಾಲೂ ಆಗುತ್ತದೆ’ ಎಂದು ಬರೆದಿದ್ದರೆ ಸೇವ್ ಆಗುತ್ತದೆ ಎಂದು ಅರ್ಥವಲ್ಲ, ಬೇರೆಯಾಗಿ ಕೇಳಿ. ಕೈಗೆ ಬಂದ ಮೇಲೆ ಒಂದು ಸೇವ್ ಮಾಡಿ, ಕ್ಯಾಸೆಟ್ ಹೊರತೆಗೆದು, ರಾತ್ರಿಯಿಡೀ ಬಿಟ್ಟು ಮತ್ತೆ ಹಾಕಿ. ಸ್ವಿಚ್ ಆರಿಸುವಾಗ ರಿಸೆಟ್ ಗುಂಡಿ ಒತ್ತಿ ಹಿಡಿದಿರಬೇಕು. ಅದನ್ನು ಮರೆತರೆ ಒಳ್ಳೆ ಸೆಲ್ ಇದ್ದರೂ ಸೇವ್ ಕೆಡುವುದುಂಟು.

ಸೆಲ್ ಬದಲಿಸುವುದು ಎನ್‌ಇಎಸ್‌ನಲ್ಲಿ ಸುಲಭ: 3.8 ಮಿ.ಮೀ. ಗೇಮ್‌ಬಿಟ್ (ಈ ತಿರುಪುಗಳಿಗೆಂದೇ ಇರುವ ಸ್ಕ್ರೂಡ್ರೈವರ್ ತುದಿ) ಹಾಕಿ ಮೂರು ತಿರುಪು ಬಿಚ್ಚಿದರೆ ಬೋರ್ಡ್ ಕೈಯಲ್ಲಿ. ಫ್ಯಾಮಿಕಾಮ್ ಕ್ಯಾಸೆಟ್ಟಿನ ಹೊರಕವಚಕ್ಕೆ ತಿರುಪೇ ಇಲ್ಲ. ಎರಡು ಅರ್ಧಗಳು ಒಳಗಿನ ಕೊಕ್ಕೆಗಳಿಂದ ಕಚ್ಚಿಕೊಂಡಿವೆ, ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ ಬೇರೆ. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಚಿದರೆ ಅಂಚಿನಲ್ಲಿ ಬಿಳಿ ಹಲ್ಲಿನ ಗುರುತು ಬೀಳುತ್ತದೆ, ಕೊಕ್ಕೆಯೂ ಮುರಿಯುತ್ತದೆ. ಕೊಳ್ಳುವವರು ಮೊದಲು ನೋಡುವುದೇ ಆ ಅಂಚನ್ನು. ಬದಲಿಗೆ ಮೊಬೈಲ್ ಬಿಚ್ಚುವ ತೆಳು ಪ್ಲಾಸ್ಟಿಕ್ ಪಿಕ್ ಎರಡು ಇಟ್ಟುಕೊಳ್ಳಿ. ಪಿನ್ ಕಡೆಯ ಮೂಲೆಯಿಂದ ಒಂದನ್ನು ತೂರಿಸಿ ಅಲ್ಲೇ ಬಿಟ್ಟು, ಎರಡನೆಯದನ್ನು ಪಕ್ಕದ ಸೀಳಿನುದ್ದಕ್ಕೂ ನಿಧಾನ ಸರಿಸಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗುತ್ತದೆ, ಮಧ್ಯಾಹ್ನದ ಬೆಚ್ಚಗಿನ ಹೊತ್ತಿನಲ್ಲಿ ಮಾಡುವುದು ವಾಸಿ. ಇಷ್ಟಾದರೂ ಒಂದೆರಡು ಕೊಕ್ಕೆ ಹೋಗಬಹುದು ಎಂದುಕೊಂಡೇ ಕೈ ಹಾಕಿ.

ಹೊಸ ಸೆಲ್ ಕೊಳ್ಳುವಾಗ ಕಾಲಿರುವುದನ್ನೇ ಕೇಳಿ, ಅಂದರೆ ಲೋಹದ ಪಟ್ಟಿಗಳನ್ನು ಮೊದಲೇ ಬೆಸೆದದ್ದು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಬರೀ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಶಾಖಕ್ಕೆ ಅದು ಕೆಡುತ್ತದೆ, ಸಿಡಿಯಲೂಬಹುದು. ಟೇಪ್ ಸುತ್ತಿ ಕೂರಿಸುವವರಿದ್ದಾರೆ, ಅದು ಒಂದು ಅಲುಗಾಟಕ್ಕೆ ಸಂಪರ್ಕ ತಪ್ಪುತ್ತದೆ. ಬೋರ್ಡಿನ ಪ್ಲಸ್ ಗುರುತು ನೋಡಿ, ಬೆಸುಗೆ ಕಡ್ಡಿ ಸುಮಾರು 350 ಡಿಗ್ರಿಯಲ್ಲಿಟ್ಟು ಎರಡು-ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಮುಚ್ಚುವ ಮುಂಚೆ ಮೀಟರ್ 3 ವೋಲ್ಟ್‌ನ ಆಸುಪಾಸು ತೋರಿಸಲಿ.

ಇಷ್ಟೆಲ್ಲ ಗೋಳಿದ್ದೂ ಜಪಾನಿಯೇ ಯಾಕೆ? ಸೇವ್ ಬೇಕಾಗುವ ಆಟಗಳಲ್ಲಿ ಹೆಚ್ಚಿನವು ಮಾತೇ ಮುಖ್ಯವಾದ ಆಟಗಳು. ಜಪಾನಿ ಓದಲು ಬಾರದವರು ಅವನ್ನು ಕೊಳ್ಳುವುದೇ ದಂಡ. ಓಡುವ, ಹಾರುವ, ಗುಂಡು ಹೊಡೆಯುವ ಆಟಗಳಲ್ಲಿ ಬ್ಯಾಟರಿಯೂ ಇಲ್ಲ, ಓದುವುದೂ ಅಷ್ಟಿಲ್ಲ. ‘ಕಿರ್ಬಿ’ ಒಂದು ಅಪವಾದ, ಅದಕ್ಕಾಗಿ ಕವಚ ಬಿಚ್ಚಬಹುದು.

ಬೆಲೆ ಕಟ್ಟುವುದು ಹೀಗೆ. ಮಾರುವವರು ಕೇಳುವ ದರ ಲೆಕ್ಕಕ್ಕಿಲ್ಲ, ಮಾರಾಟವಾಗಿ ಮುಗಿದ ದರಗಳನ್ನಷ್ಟೇ ನೋಡಿ, ಅದೂ ಬಿಡಿಗೆ ಬಿಡಿ, ಡಬ್ಬಿಗೆ ಡಬ್ಬಿ ಹೋಲಿಸಿ. ಸಾಮಾನ್ಯ ಆಟದ ಬಿಡಿ ಕ್ಯಾಸೆಟ್ ಜಪಾನಿನಲ್ಲಿ ಕೆಲವೇ ನೂರು ಯೆನ್. ಅಂಚೆ ಖರ್ಚು, ಕಸ್ಟಮ್ಸ್ ಸೇರಿದರೆ ಒಂದೇ ಒಂದು ತರಿಸುವುದು ಮೂರ್ಖತನ, ಹತ್ತು-ಹದಿನೈದು ಒಟ್ಟಿಗೆ ತರಿಸಿ. ಎನ್‌ಇಎಸ್ ಕ್ಯಾಸೆಟ್ ಗಾತ್ರ ದೊಡ್ಡದು, ಒಳಗೆ ಅರ್ಧಕ್ಕರ್ಧ ಖಾಲಿ, ಆ ಖಾಲಿಗೂ ಅಂಚೆ ದುಡ್ಡು ತೆರಬೇಕು. ಜಪಾನಿ ಕ್ಯಾಸೆಟ್ಟಿನ ಹಿಂದೆ ಯಾವುದೋ ಮಗು ಮಾರ್ಕರಿನಲ್ಲಿ ಹೆಸರು ಬರೆದಿರುವುದು ಮಾಮೂಲು. ಪ್ಲಾಸ್ಟಿಕ್ ಮೇಲಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಹೋಗುತ್ತದೆ, ಲೇಬಲ್ ಮೇಲಿದ್ದರೆ ಮುಟ್ಟಬೇಡಿ, ಬಣ್ಣವೂ ಬರುತ್ತದೆ. ಪಿನ್ನಿಗೂ ಅದೇ ಆಲ್ಕೊಹಾಲ್, ಹತ್ತಿ ಕಡ್ಡಿ. ಬಾಯಿಂದ ಊದಿದರೆ ಎಂಜಲಿನ ತೇವಕ್ಕೆ ಪಿನ್ ಕಿಲುಬುತ್ತದೆ.

ಸೀಲ್ ಒಡೆಯದ, ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ ಅಮೆರಿಕದ ಪ್ರತಿಗಳದ್ದು ಬೇರೆಯೇ ಸಂತೆ. 2021ರ ಜುಲೈನಲ್ಲಿ ‘ಸೂಪರ್ ಮಾರಿಯೊ 64’ರ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ಅದನ್ನು ನೋಡಿ ನಿಮ್ಮ ಗೀರುಬಿದ್ದ ಕ್ಯಾಸೆಟ್ಟಿಗೆ ಬೆಲೆ ಕಟ್ಟಬೇಡಿ.

ಎನ್‌ಇಎಸ್ ಕೊಳ್ಳಲು ನಾನು ಒಪ್ಪುವುದು ಇಂಗ್ಲಿಷಿನಲ್ಲಿ ಕಥೆ ಓದಿಕೊಂಡು ಆಡುವವರಿಗೆ ಮಾತ್ರ. ‘ಫೈನಲ್ ಫ್ಯಾಂಟಸಿ’, ‘ಜೆಲ್ಡಾ’ ಆ ಸಾಲಿಗೆ ಸೇರಿದವು. ಅಲ್ಲಿ ದುಬಾರಿ ಪ್ರತಿಯ ಹಣ ಕೊಡುವ ಮುಂಚೆ ಬೋರ್ಡಿನ ಫೋಟೊ ಕೇಳಿ. ಅಸಲಿಯ ಮೇಲೆ ನಿಂಟೆಂಡೊ ಹೆಸರು, ಇಸವಿ ಅಚ್ಚಾಗಿರುತ್ತವೆ. ನಕಲಿಯಲ್ಲಿ ಸ್ಟಿಕರ್ ಅಂಟಿಸಿದ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಲ್ಲ ಚಿಪ್) ಇಲ್ಲವೇ ಹೊಚ್ಚ ಹೊಸ ಬೋರ್ಡ್ ಕಾಣುತ್ತದೆ. ಚಿಪ್ ಮುಚ್ಚಿದ ಕಪ್ಪು ಅಂಟಿನ ಬೊಟ್ಟು ಕಂಡ ಮಾತ್ರಕ್ಕೆ ಜಪಾನಿ ಕ್ಯಾಸೆಟ್ಟನ್ನು ನಕಲಿ ಅನ್ನಬೇಡಿ, ಕೆಲವು ಅಸಲಿ ಬೋರ್ಡುಗಳಲ್ಲೂ ಅದಿದೆ.